ಹಿಂದಿನ ಸೀಟಿನಲ್ಲಿ ಅವ್ವ

ನನ್ನ ಗಾಡಿ ಸುಮ್ಮಸುಮ್ಮನೆ ಮುನಿಸಿಕೊಳ್ಳುವ ಜಾತಿಯದಲ್ಲ. ಹಳೇ ಡರ್ಟ್ ಬೈಕು, ಉದ್ದ ಕಾಲು, ಹಲ್ಲುಹಲ್ಲಿನ ಟೈರು. ಬಕೆಟ್ಟಿನ ನೀರು ಹೆಪ್ಪುಗಟ್ಟಿದ ಬೆಳಿಗ್ಗೆಯೂ ಎರಡು ಕಿಕ್ಕಿಗೆ ಎದ್ದು ಗುರುಗುಟ್ಟುತ್ತಿತ್ತು. ಗಣಿಯ ದೂಳು ಕುಡಿದು ಗಂಡ ಸತ್ತ ಮೇಲೆ ನನಗೆ ಉಳಿದದ್ದು ಅವನ ಪಾನಾ ಪೆಟ್ಟಿಗೆ ಮತ್ತು ಈ ಗಾಡಿ. ಹೆದ್ದಾರಿ ಬದಿಯ ಈ ಊರಿನಲ್ಲಿ ರಿಪೇರಿ ಅಂಗಡಿ ಇಟ್ಟುಕೊಂಡು ಬದುಕಿದವಳು ನಾನು. ಅಂಥವಳ ಅಂಗಳದಲ್ಲೇ, ಕಾರ್ನಿವಲ್ ಮುಗಿದ ಮರುದಿನ ಬೆಳಿಗ್ಗೆ, ನನ್ನದೇ ಗಾಡಿ ಹೆಣದ ಹಾಗೆ ನಿಂತಿತ್ತು. ಕಿಕ್ ಹೊಡೆದು ಹೊಡೆದು ನನ್ನ ಕಾಲು ಸೋತಿತು. ಅದು ಒಂದು ಸಲ ಕೆಮ್ಮಲೂ ಇಲ್ಲ.

ಬೇರೆ ದಿನವಾಗಿದ್ದರೆ ನಾಲ್ಕು ಬೈದು ಬದಿಗಿಟ್ಟು ಅಡುಗೆಗೆ ಹೋಗುತ್ತಿದ್ದೆ. ಆದರೆ ಅವತ್ತು ಮೇಲೆ ಗುಡ್ಡಗಾಡಿನಲ್ಲಿ, ನನ್ನ ತವರು ವಿಲಾಕೊಲ್ಲುವಿನಲ್ಲಿ ನಮ್ಮವರ ಸಭೆ. ಅಪ್ಪ ಸತ್ತು ವರ್ಷ ತುಂಬಿತ್ತು. ಅವನ ಹೊಲ ಯಾರಿಗೆ ಎನ್ನುವುದು ಅವತ್ತು ತೀರ್ಮಾನವಾಗಬೇಕಿತ್ತು. ನಮ್ಮಲ್ಲಿ ಹೊಲಕ್ಕೆ ಕಾಗದಪತ್ರವಿಲ್ಲ. ಹಿಲಾಕಾತ, ಅಂದರೆ ಆ ವರ್ಷದ ಹಿರಿಯ, ಬಯಲಿನಲ್ಲಿ ತನ್ನ ಕೋಲು ಊರಿ ಹೆಸರು ಕೂಗುತ್ತಾನೆ. ಆಗ ಆ ನೆಲದ ಮೇಲೆ ನಿಂತು ಓಗೊಟ್ಟವರಿಗೆ ಉಂಟು, ಓಗೊಡದವರಿಗೆ ಇಲ್ಲ. ಜ್ವರ ಬಂದಿತ್ತು, ಹೊಳೆ ಬಂದಿತ್ತು, ಗಾಡಿ ಕೆಟ್ಟಿತ್ತು ಎಂಬ ಮಾತೆಲ್ಲ ಅಲ್ಲಿ ನಡೆಯುವುದಿಲ್ಲ.

ಅಪ್ಪ ಹಾಸಿಗೆ ಹಿಡಿದ ಮೇಲೆ ಆ ಹೊಲದಲ್ಲಿ ಕಿನೋವಾ ಧಾನ್ಯ ಬಿತ್ತಿದವಳು ನಾನು. ಕಲ್ಲು ಆಯ್ದವಳು ನಾನು, ಹಕ್ಕಿ ಓಡಿಸಿದವಳು ನಾನು. ತಮ್ಮ ಗುಮೆರ್ಸಿಂದೋ ಒರುರೊ ಪಟ್ಟಣದಲ್ಲಿ ಕಂಬಳಿ ಅಂಗಡಿ ಇಟ್ಟುಕೊಂಡು, ವರ್ಷಕ್ಕೊಮ್ಮೆ ಕಾರ್ನಿವಲ್‌ಗೆ ಬಿಯರ್ ಪೆಟ್ಟಿಗೆಗಳ ಜೊತೆ ಬಂದು, ಎಲ್ಲರನ್ನೂ ತಬ್ಬಿಕೊಂಡು ಅತ್ತು ಹೋಗುವವನು. ಆದರೂ ಹೊಲಕ್ಕಿಂತ ಹೆಚ್ಚಾಗಿ ನನಗೆ ಬೇಕಾಗಿದ್ದದ್ದು ಆ ಕೂಗು. ಈ ರಸ್ತೆಯ ಊರಿನಲ್ಲಿ ನಾನು ‘ಮೇಲಿನವಳು’. ಮೇಲೆ ಹೋದರೆ ‘ರಸ್ತೆಯವಳು’. ಎಲ್ಲಾದರೂ ಒಂದು ಕಡೆ ನನ್ನ ಹೆಸರು ಹಿಡಿದು ಕೂಗಬೇಕು, ನಾನು ‘ಇದ್ದೇನೆ’ ಎನ್ನಬೇಕು. ಅಷ್ಟು ಆಸೆ ಪಡುವುದೂ ತಪ್ಪೇ?

“ಏನಮ್ಮಾ ನೆಮೇಸಿಯಾ, ಡಾಕ್ಟರ ಮನೇಲೇ ಹೆಣಾನಾ?” ಪಕ್ಕದ ಮನೆಯ ದೋನ್ ಸಿಪ್ರಿಯಾನೋ ಗೋಡೆಯ ಮೇಲಿಂದ ಇಣುಕಿದ. ಲಾರಿ ಓಡಿಸುವುದು ಬಿಟ್ಟ ಮೇಲೆ ಬಾಯಿ ಓಡಿಸುವುದೇ ಅವನ ಕಸುಬು.

“ಹಬ್ಬ ಮುಗೀತು, ಹೋಗಿ ಮಲ್ಕೊಳ್ಳಿ.”

“ಮಲ್ಕೋತೀನಿ. ಆದ್ರೆ ನಂಗಿಂತ ಮೊದ್ಲು ನಿನ್ ಗಾಡಿ ಮಲ್ಗಿದೆಯಲ್ಲಾ! ಅದಕ್ಕಿನ್ನೂ ನಶೆ ಇಳಿದಿಲ್ಲ ಕಣಮ್ಮ. ನಿನ್ ತಮ್ಮ ಎಷ್ಟು ಕುಡಿಸ್ದ ನೋಡಿದ್ಯಾ? ನಂಗೂ ಅಷ್ಟು ಕುಡಿಸ್ಲಿಲ್ಲ, ಕಳ್ಳ ನನ್ಮಗ.”

ಅವನು ಹೇಳಿದ್ದು ಚಲ್ಲ ಮಂಗಳವಾರದ ಮಾತು. ಅವತ್ತು ನಾವು ಮನೆ, ಅಂಗಡಿ, ಲಾರಿ, ಹೊಲಿಗೆ ಯಂತ್ರ, ಒಟ್ಟಿನಲ್ಲಿ ಅನ್ನ ಕೊಡುವುದಕ್ಕೆಲ್ಲ ಬಣ್ಣದ ಕಾಗದ ಸುತ್ತಿ ಬಿಯರ್ ಸುರಿಯುತ್ತೇವೆ. ಮೊದಲ ಗುಟುಕು ಭೂತಾಯಿಗೆ, ಮಿಕ್ಕಿದ್ದು ಯಂತ್ರಕ್ಕೆ, ಉಳಿದರೆ ನಮಗೆ. ಹಾಗೆ ಸುರಿಸಿಕೊಂಡ ಯಂತ್ರವನ್ನು, ಕೊನೆಯ ಸಂಜೆ ಊರಾಚೆ ಹೋಗಿ ಹಬ್ಬವನ್ನು ಮಣ್ಣಿನಲ್ಲಿ ಹೂಳುವ ತನಕ ಯಾರೂ ಮುಟ್ಟುವಂತಿಲ್ಲ, ಅದಕ್ಕೂ ರಜೆ. ಗುಮೆರ್ಸಿಂದೋ ನನ್ನ ಗಾಡಿಗೆ ಬಾಟಲಿಗಟ್ಟಲೆ ಸುರಿದ. ಸಾಲದ್ದಕ್ಕೆ ಟ್ಯಾಂಕಿನ ಬಾಯಿ ತೆರೆದು, “ಅಕ್ಕನ ಗಾಡಿಯೂ ಒಂದು ಗುಟುಕು ಹಾಕ್ಲಿ!” ಎಂದು ದ್ರಾಕ್ಷಿ ಹೆಂಡವನ್ನು ಒಂದು ಮುಚ್ಚಳದಷ್ಟು ಒಳಗೆ ಬಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಸಭೆಯ ಹಿಂದಿನ ದಿನ ಮಧ್ಯಾಹ್ನ ಇಲ್ಲಿದ್ದ ಮೇಲಿನವರೆಲ್ಲ ಒಂದೇ ಲಾರಿಯಲ್ಲಿ ವಿಲಾಕೊಲ್ಲುವಿಗೆ ಹೋಗಿದ್ದರು, ತಮ್ಮನೂ ಅವರೊಂದಿಗೆ. ನಾನೂ ಗಂಟು ಕಟ್ಟಿದ್ದೆ. ಅಪ್ಪ ಹೋದಾಗಿನಿಂದ ನನ್ನ ಜೊತೆಗೇ ಇರುವ ಅವ್ವ, “ಲಾರಿ ಕುಲುಕಾಟ ನನ್ ಮೊಣಕಾಲಿಗೆ ಆಗಲ್ಲ ಮಗಾ, ಬೆಳಿಗ್ಗೆ ನಿನ್ ಗಾಡೀಲೇ ಹೋಗೋಣ” ಎಂದಳು. ಅವ್ವನ ಮೊಣಕಾಲಿಗಾಗಿ ಉಳಿದೆ.

ಈಗ ಅವಳು ಗೋಡೆಗೊರಗಿ, ಕುರಿ ಚರ್ಮದ ಮೇಲೆ ಕಾಲು ಚಾಚಿ, ಮುನ್ಯಾ ಸೊಪ್ಪಿನ ಕಷಾಯ ಹೀರುತ್ತಿದ್ದಳು. ಹೊಟ್ಟೆಯುಬ್ಬರಕ್ಕೆ ದಿನವೂ ಅವಳಿಗೆ ಅದು ಬೇಕು.

“ನೀನು ಹೋಗೋದು ದೇವರಿಗೇ ಇಷ್ಟ ಇಲ್ಲ ಅಂತ ಕಾಣ್ತದೆ. ಬಿಟ್ಬಿಡು” ಎಂದಳು.

“ದೇವರಿಗೆ ಪ್ಲಗ್ ಬಿಚ್ಚೋಕೆ ಬರಲ್ಲ ಅವ್ವಾ. ನಂಗೆ ಬರ್ತದೆ.”

ಎಂಜಿನ್ ಏಳಬೇಕಾದರೆ ಅದಕ್ಕೆ ಉಸಿರು ಬೇಕು, ಕಿಡಿ ಬೇಕು, ಒಳಗೆ ಒತ್ತಡ ಬೇಕು, ಕುಡಿಯಲು ಪೆಟ್ರೋಲ್ ಬೇಕು. ಇವುಗಳಲ್ಲಿ ಯಾವುದೋ ಒಂದು ಕೈಕೊಟ್ಟಿರುತ್ತದೆ. ಸಿಟ್ಟು ಮಾಡಿಕೊಳ್ಳದೆ ಒಂದೊಂದನ್ನೇ ವಿಚಾರಿಸಬೇಕು. ನನಗೆ ಸಿಟ್ಟು ಆಗಲೇ ನೆತ್ತಿಗೇರಿತ್ತು, ಆದರೂ ವಿಚಾರಿಸಿದೆ.

ಮೊದಲು ಗಾಳಿ. ಸೀಟಿನ ಕೆಳಗಿನ ಡಬ್ಬಿ ತೆರೆದರೆ ಫಿಲ್ಟರು ಬಿಯರಿನಲ್ಲಿ ನೆಂದು, ಬಣ್ಣದ ಕಾಗದದ ಚೂರು ಮೆತ್ತಿಕೊಂಡು ಅಂಟಂಟಾಗಿತ್ತು.

“ನೋಡ್ದ್ಯಾ!” ಎಂದು ಸಿಪ್ರಿಯಾನೋ ಗೋಡೆ ಹಾರಿ ಒಳಗೇ ಬಂದ. “ನಾನು ಹೇಳಿಲ್ವಾ? ಮೂಗಿಗೆ ಬಿಯರ್ ಹೋದ್ರೆ ಯಾವನು ತಾನೇ ಎದ್ದಾನು?”

ಫಿಲ್ಟರನ್ನೇ ಕಿತ್ತಿಟ್ಟು ಕಿಕ್ ಹೊಡೆದೆ. ಏನೂ ಇಲ್ಲ. ಅವನ ಮುಖ ಸಣ್ಣಗಾಯಿತು.

ಆಮೇಲೆ ಕಿಡಿ. ಪ್ಲಗ್ ಬಿಚ್ಚಿದೆ, ಒದ್ದೆಯಾಗಿತ್ತು. ಒರೆಸಿ, ತಂತಿಗೆ ಸಿಕ್ಕಿಸಿ, ಎಂಜಿನ್ನಿನ ಮೈಗೆ ತಾಗಿಸಿ ಹಿಡಿದು ಕಿಕ್ ಹೊಡೆದರೆ ನೀಲಿ ಕಿಡಿ ಟಕ್ಕೆಂದು ಹಾರಿತು. ಕಿಡಿಗೆ ಏನೂ ಆಗಿರಲಿಲ್ಲ. ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ಇನ್ನೊಮ್ಮೆ ಹೊಡೆದೆ. ಒಳಗಿನ ಗಾಳಿ ಬೆರಳನ್ನು ತಳ್ಳಿ ಬಿಸಾಡಿತು. ಒತ್ತಡವೂ ಸರಿಯಾಗಿತ್ತು.

ಉಳಿದದ್ದು ಪೆಟ್ರೋಲ್. ಟ್ಯಾಂಕು ಅಲುಗಿಸಿದರೆ ಚಳಕ್ ಚಳಕ್ ಎನ್ನುತ್ತಿತ್ತು. ಪ್ಲಗ್ ಒದ್ದೆಯಾಗುತ್ತಿದೆ ಎಂದರೆ ಕುಡಿಯುವುದಂತೂ ಕುಡಿಯುತ್ತಿದೆ. ಹಾಗಿದ್ದರೆ ಏಳಲು ಏನು ರೋಗ? ಪ್ಲಗ್ಗನ್ನು ಮತ್ತೆ ಹಾಕಿ, ಕಿಕ್ ಹೊಡೆದು, ಮತ್ತೆ ಬಿಚ್ಚಿ, ಒದ್ದೆ ತುದಿಗೆ ಕಡ್ಡಿ ಗೀರಿ ಹಿಡಿದೆ. ಭಗ್ಗೆನ್ನಬೇಕಾದದ್ದು ಚುಂಯ್ ಎಂದು ಕಡ್ಡಿಯನ್ನೇ ಆರಿಸಿತು. ಪೆಟ್ರೋಲಿನಲ್ಲಿ ನೆಂದದ್ದಕ್ಕೆ ಬೆಂಕಿ ಹತ್ತುವುದಿಲ್ಲವೆಂದರೆ ಅದು ಪೆಟ್ರೋಲೇ ಅಲ್ಲ.

ಕಾರ್ಬೊರೇಟರಿನ ತಳದ ತಿರುಪು ಸಡಿಲಿಸಿ, ಬಂದದ್ದನ್ನು ತಟ್ಟೆಗೆ ಹಿಡಿದೆ. ಎಣ್ಣೆ ಸವರಿದ ಹೆಂಚಿನ ಮೇಲಿನ ನೀರಿನ ಹಾಗೆ ಗುಂಡುಗುಂಡಾಗಿ ಓಡಾಡಿತು. ಟ್ಯಾಂಕಿನಿಂದ ಒಂದಿಷ್ಟನ್ನು ಸೋಡಾ ಬಾಟಲಿಗೆ ಇಳಿಸಿ ಬಿಸಿಲಿಗೆ ಹಿಡಿದರೆ ಮೇಲೆ ಹಳದಿ ಪೆಟ್ರೋಲ್, ಕೆಳಗೆ ಬೇರೆಯೇ ನೀರು, ನಡುವೆ ಗೆರೆ ಎಳೆದ ಹಾಗೆ.

“ಅಯ್ಯಯ್ಯೋ, ಗುಮೆರ್ಸಿಂದೋನ ಹೆಂಡ!” ಎಂದ ಸಿಪ್ರಿಯಾನೋ.

“ಒಂದು ಮುಚ್ಚಳ ಹೆಂಡಕ್ಕೆ ಗಾಡಿ ಸಾಯಲ್ಲ ದೋನ್ ಸಿಪ್ರಿಯಾನೋ. ಇದು ಚೊಂಬುಗಟ್ಟಲೆ. ಮುಚ್ಚಳ ನಮಗೆಲ್ಲ ತೋರಿಸ್ದ, ಚೊಂಬು ಯಾರಿಗೂ ಕಾಣದ ಹಾಗೆ ಸುರಿದಿದ್ದಾನೆ. ತಬ್ಬಿಕೊಂಡು ಅಳ್ತಾ ಅಳ್ತಾನೇ ಕತ್ತು ಕುಯ್ದ, ಹಲ್ಕಾ!”

“ಅವನನ್ನ ಬೈಬೇಡ” ಎಂದಳು ಅವ್ವ.

“ಯಾಕೆ ಬೈಬಾರ್ದು? ಹೆತ್ತವರಿಗೆ ಹೆಗ್ಗಣ ಮುದ್ದು. ನಿಂಗೆ ಆ ಹೆಗ್ಗಣ ಮುದ್ದು, ನಂಗಲ್ಲ!”

ನಾನು ಬೈಯುತ್ತಲೇ ಟ್ಯಾಂಕಿನ ನಲ್ಲಿ ಬಿಚ್ಚಿದೆ. ನಲ್ಲಿಯ ಒಳತುದಿಗೆ ಕಸ ತಡೆಯುವ ಸಣ್ಣ ಜಾಲರಿ ಇರುತ್ತದೆ. ಅದಕ್ಕೆ ಹಸಿರಾಗಿ ಏನೋ ಅಂಟಿಕೊಂಡಿತ್ತು. ಉಗುರಿನಿಂದ ಬಿಡಿಸಿ ಅಂಗೈಯಲ್ಲಿ ಹರಡಿದೆ. ಬೆಂದು ಮೆತ್ತಗಾದ ಚಿಕ್ಕ ಎಲೆ. ಮುನ್ಯಾ ಎಲೆ.

ತಲೆಯೆತ್ತಿ ನೋಡಿದೆ. ಅವ್ವ ಲೋಟವನ್ನು ಮೆಲ್ಲನೆ ಕೆಳಗಿಟ್ಟಳು.

“ಯಾವಾಗ?” ಎಂದೆ.

“ನಿನ್ನೆ ಸಂಜೆ. ನೀನು ಹಬ್ಬ ಹೂಳೋಕೆ ಊರಾಚೆ ಹೋಗಿದ್ಯಲ್ಲ, ಆಗ. ಕೆಟಲಿನಲ್ಲಿ ತಣ್ಣಗಾಗಿತ್ತು. ಅದನ್ನೇ ಸುರಿದೆ.”

“ಅವನು ಹೇಳಿಕೊಟ್ನಾ?”

“ಅವನ ತಲೇಲಿ ಅಷ್ಟು ಬುದ್ಧಿ ಎಲ್ಲಿದೆ?” ಅವ್ವ ಅದೇ ಅವನ ಒಳ್ಳೆಯತನವೆಂಬಂತೆ ಹೇಳಿದಳು. “ಕೊಟ್ಟ ಹೆಣ್ಣು ಕುಲಕ್ಕೆ ಹೊರಗು, ನೆಮೇಸಿಯಾ. ನಾನು ಮಾಡಿದ ನೇಮ ಅಲ್ಲ ಅದು. ನಿಂಗೆ ಕೈಕಸುಬಿದೆ, ಅಂಗಡಿ ಇದೆ. ಅವನಿಗೆ ಗಂಡುಮಕ್ಕಳಿದಾರೆ, ನಿಮ್ಮಪ್ಪನ ಹೆಸರು ಉಳೀಬೇಕು. ನೀನು ಹೋಗದೇ ಇದ್ರೆ ಎಲ್ಲಾ ಸದ್ದಿಲ್ದೆ ಮುಗೀತಿತ್ತು. ನಾನು ಬಾಯಿ ತೆಗೀಬೇಕಾಗೇ ಇರ್ಲಿಲ್ಲ.”

ಜಗಳವೆಂದರೆ ಹರದಾರಿ ನಡೆದು ಬಂದು ನೋಡುವ ಸಿಪ್ರಿಯಾನೋ, ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು ಗೇಟಿನಿಂದ ಹೊರಟುಹೋದ. ಅದನ್ನು ಕಂಡು ನನಗೆ ಇನ್ನಷ್ಟು ಅವಮಾನವಾಯಿತು.

ಕೂಗಾಡಿದೆನೇ? ಇಲ್ಲ. ತಮ್ಮನಾಗಿದ್ದರೆ ಪಾನಾ ಎತ್ತಿಕೊಂಡು ಹೋಗುತ್ತಿದ್ದೆ, ಅದೊಂದು ಸುಖ ಇರುತ್ತಿತ್ತು. ಇವಳು ರಾತ್ರಿ ನನ್ನ ಕಂಬಳಿಯೊಳಗೇ ಕಾಲು ಬೆಚ್ಚಗೆ ಮಾಡಿಕೊಂಡು ಮಲಗಿದವಳು. ಟ್ಯಾಂಕಿಗೆ ಕಷಾಯ ಸುರಿದು ಬಂದು, ಮೊಣಕಾಲಿಗೆ ಎಣ್ಣೆ ಹಚ್ಚು ಎಂದಿದ್ದಳು. ಹಚ್ಚಿದ್ದೆ. ಮೊದಲು ಗಾಡಿ ಏಳಲಿ ಎಂದುಕೊಂಡೆ.

ಪಂಪಿನಲ್ಲಿ ಕಾರ್ನಿವಲ್‌ಗೆ ಮುಂಚಿನಿಂದಲೂ ಪೆಟ್ರೋಲ್ ಇರಲಿಲ್ಲ. ಇದ್ದದ್ದು ಈ ಟ್ಯಾಂಕಿನದಷ್ಟೇ, ಕಷಾಯದ ಜೊತೆ. ಅದನ್ನೆಲ್ಲ ಒಂದು ಕ್ಯಾನಿಗೆ ಸುರಿದು ಅಲುಗಿಸದೆ ಬಿಟ್ಟೆ. ನೀರು ತಳ ಹಿಡಿಯಿತು. ಮೇಲಿನದನ್ನು ಎಷ್ಟು ಹುಷಾರಾಗಿ ಬಗ್ಗಿಸಿದರೂ ಒಂದಿಷ್ಟು ನೀರು ಜೊತೆಗೆ ಬಂದೇ ಬರುತ್ತದೆ. ಅದನ್ನು ತಡೆಯಲು ಒಳ್ಳೆಯ ಉಣ್ಣೆಯ ಟೋಪಿ ಬೇಕು. ಉಣ್ಣೆಯನ್ನು ಮೊದಲು ಪೆಟ್ರೋಲಿನಲ್ಲಿ ನೆನೆಸಿದರೆ ಅದು ಪೆಟ್ರೋಲನ್ನು ಬಿಡುತ್ತದೆ, ನೀರನ್ನು ಬಿಡುವುದಿಲ್ಲ. ಗಂಡ ಹಾಗೇ ಮಾಡುತ್ತಿದ್ದ. ಅವನ ಟೋಪಿ ಅವನ ಜೊತೆಗೇ ಮಣ್ಣಿಗೆ ಹೋಯಿತು. ಮನೆಯಲ್ಲಿದ್ದದ್ದು ಸಭೆಗೆಂದು ಬ್ರಶ್ಶು ಹಾಕಿಟ್ಟಿದ್ದ ನನ್ನ ಕರಿ ದುಂಡು ಟೋಪಿ. ಟೋಪಿಯಿಲ್ಲದೆ ಸಭೆಗೆ ಹೋದ ಹೆಂಗಸನ್ನು ನಮ್ಮವರು ಲಂಗವಿಲ್ಲದವಳ ಹಾಗೆ ನೋಡುತ್ತಾರೆ.

ನೋಡಿದರೆ ನೋಡಲಿ. ಟೋಪಿಯನ್ನು ಅಂಗಾತ ಮಾಡಿ ಸುರಿದೆ. ಪೆಟ್ರೋಲ್ ತೊಟ್ಟು ತೊಟ್ಟಾಗಿ ಟ್ಯಾಂಕಿಗಿಳಿಯಿತು. ತಳದಲ್ಲಿ ನೀರಿನ ಗೋಲಿಗಳು, ಮುನ್ಯಾದ ಚೂರುಗಳು ಉಳಿದವು. ಕಾರ್ಬೊರೇಟರನ್ನು ಬಿಚ್ಚಿ, ಅದರ ಸಣ್ಣ ತೂತುಗಳಿಗೆ ಬಾಯಿಟ್ಟು ಊದಿ, ಒಂದು ಹನಿಯೂ ಉಳಿಯದಂತೆ ಒಣಗಿಸಿದೆ. ಫಿಲ್ಟರಿನಿಂದ ಬಿಯರ್ ಹಿಂಡಿ ತೆಗೆದೆ. ಪ್ಲಗ್ಗನ್ನು ಒಲೆಯ ಕೆಂಡದ ಬಳಿ ಬೆಚ್ಚಗೆ ಮಾಡಿ ತಂದು ಬಿಗಿದೆ. ಮೊದಲ ಕಿಕ್ಕಿಗೆ ಕೆಮ್ಮಿತು. ಎರಡನೆಯದಕ್ಕೆ ಬಿಳಿ ಹೊಗೆ ಕಾರಿ ಎದ್ದಿತು. ಅಂಥ ಹೊತ್ತಿನಲ್ಲೂ ನನಗೆ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಸತ್ತ ಎಂಜಿನ್ ಎದ್ದಾಗ ಆಗುವ ಸಂತೋಷಕ್ಕೆ ಮನುಷ್ಯರ ಹಂಗಿಲ್ಲ.

ತಿರುಗಿ ನೋಡಿದರೆ ಅವ್ವ ಶಾಲು ಕಟ್ಟಿಕೊಂಡು, ತನ್ನ ಟೋಪಿ ಹಾಕಿಕೊಂಡು ಗಾಡಿಯ ಪಕ್ಕ ನಿಂತಿದ್ದಳು.

“ನನ್ನನ್ನೂ ಕರ್ಕೊಂಡು ಹೋಗು.”

“ಯಾಕೆ? ನಂಗೆ ಗುಂಡಿ ತೋಡೋಕಾ?”

“ನೀನು ರಿಪೇರಿ ಮಾಡಿಬಿಟ್ಟೆ. ಈಗ ನಾನು ಹೋಗ್ಲೇಬೇಕು.”

ಬಿಟ್ಟು ಹೋಗಬಹುದಿತ್ತು. ಅಕ್ಕ ತಮ್ಮ ಇಬ್ಬರೂ ನೆಲದ ಮೇಲಿದ್ದರೆ ಹೊಲ ಅರ್ಧರ್ಧ. ಹೆತ್ತವರು ಬದುಕಿದ್ದು, ಎದುರಿಗೆ ನಿಂತು ಬೇರೆ ಮಾತು ಹೇಳಿದರೆ ಮಾತ್ರ ಆ ಮಾತು ನಡೆಯುತ್ತದೆ. ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಕ್ಲಚ್ಚು ಬಿಟ್ಟಿದ್ದರೆ ಸಾಕಿತ್ತು, ಅವಳು ಅಂಗಳದಲ್ಲಿ ಉಳಿಯುತ್ತಿದ್ದಳು. ಆದರೆ ಕದ್ದು ಟ್ಯಾಂಕಿಗೆ ಸುರಿಯುವುದು ಬೇರೆ, ಹೆತ್ತ ಮಗಳ ಮುಖ ನೋಡುತ್ತಾ ಜನರ ನಡುವೆ ‘ಇವಳಿಗೆ ಬೇಡ’ ಎನ್ನುವುದು ಬೇರೆ ಎಂದುಕೊಂಡೆ. ಅಷ್ಟಕ್ಕೆ ಅವಳ ನಾಲಿಗೆ ಏಳಲಾರದು ಎಂದು ನಂಬಿದೆ. ಅಲ್ಲದೆ ಮುದುಕಿಯನ್ನು ದೂಳಿನಲ್ಲಿ ಬಿಟ್ಟು ಹೋಗುವ ಗಟ್ಟಿತನ ನನ್ನಲ್ಲಿರಲಿಲ್ಲ. ಆ ಒಂದು ವಿಷಯದಲ್ಲಿ ನಾನು ಅವಳನ್ನು ಹೋಲುವುದಿಲ್ಲ.

“ಹತ್ತು” ಎಂದೆ.

ದಾರಿಯುದ್ದಕ್ಕೂ ಅವಳು ನನ್ನ ಸೊಂಟವನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಿದ್ದಳು. ಒಣಹೊಳೆಯ ಮರಳಿನಲ್ಲಿ ಹಿಂದಿನ ಚಕ್ರ ಓಲಾಡಿದಾಗ “ನಿಧಾನ ಮಗಾ, ಬಿದ್ದುಗಿದ್ದೀಯ” ಎಂದಳು. ನಾನು ಬೀಳುವುದರ ಬಗ್ಗೆ ಅವಳಿಗೆ ನಿಜವಾಗಿಯೂ ಕಾಳಜಿಯಿತ್ತು. ನಾನು ಕೂಸಾಗಿದ್ದಾಗ ಅವಳು ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ಲಾಮಾಗಳ ಹಿಂದೆ ನಡೆಯುತ್ತಿದ್ದದ್ದೂ ಅದೇ ದಾರಿ. ಕೊನೆಯ ಏರಿನಲ್ಲಿ ಅವಳ ಕೆನ್ನೆ ನನ್ನ ಬೆನ್ನಿಗೆ ಒರಗಿತು. ಬೆಚ್ಚಗಿತ್ತು. ಇಲ್ಲ, ಇವಳು ಹೇಳಲಾರಳು ಎಂದು ನನಗೆ ಮತ್ತಷ್ಟು ಗಟ್ಟಿಯಾಯಿತು.

ನಾವು ಬಯಲಿಗಿಳಿದಾಗ ಹಿಲಾಕಾತ ಕೋಲು ಊರಿ ಆಗಿತ್ತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕುಳಿತು ಕೋಕಾ ಎಲೆ ಅಗಿಯುತ್ತಿದ್ದರು. ನನ್ನ ಬರಿದಲೆ ಕಂಡು ಯಾರೋ ಕಿಸಕ್ಕೆಂದರು. ಗುಮೆರ್ಸಿಂದೋ ಓಡಿ ಬಂದು ನನ್ನನ್ನು ತಬ್ಬಿಕೊಂಡ. “ಅಕ್ಕಾ! ಬಂದ್ಯಾ! ನೀನು ಬರಲ್ವೇನೋ ಅಂತ ನಂಗೆ ಜೀವಾನೇ ಇರ್ಲಿಲ್ಲ” ಎಂದ. ನಿಜವನ್ನೇ ಹೇಳುತ್ತಿದ್ದ, ಪಾಪದ ಪ್ರಾಣಿ. ಅವನಿಗೆ ಹೊಡೆಯಲೂ ಆಗದ ಹಾಗೆ ಮಾಡಿಟ್ಟಿದ್ದಳು ಅವ್ವ.

“ಗುಮೆರ್ಸಿಂದೋ ಕಲಿಸಾಯಾ!” ಹಿಲಾಕಾತ ಅಪ್ಪನ ಮನೆತನದ ಹೆಸರು ಸೇರಿಸಿ ಕೂಗಿದ.

“ಇದ್ದೇನೆ!”

“ನೆಮೇಸಿಯಾ ಕಲಿಸಾಯಾ!”

“ಇದ್ದೇನೆ!” ಎಂದೆ. ನನ್ನ ದನಿ ಎದುರಿನ ಕೆಂಪು ಗುಡ್ಡಕ್ಕೆ ಬಡಿದು ವಾಪಸು ಬಂತು. ಬದುಕಿನಲ್ಲಿ ಅಷ್ಟು ಜೋರಾಗಿ ನಾನು ಯಾವ ಮಾತನ್ನೂ ಆಡಿರಲಿಲ್ಲ.

“ಇಬ್ಬರೂ ಇದಾರೆ. ಹಂಗಿದ್ರೆ ಅರ್ಧರ್ಧ” ಎಂದ ಹಿಲಾಕಾತ. ಆಮೇಲೆ ಪದ್ಧತಿಗೆಂದು ಹೆಂಗಸರ ಕಡೆ ತಿರುಗಿ, “ಹೆತ್ತವಳದ್ದು ಏನಾದ್ರೂ ಮಾತಿದ್ಯಾ ತಾಯಿ?” ಎಂದು ಕೇಳಿದ.

ಅವ್ವ ಎದ್ದು ನಿಂತಳು. ಮೊಣಕಾಲು ಒಂದಿಷ್ಟೂ ನೋಯಲಿಲ್ಲ. ನೆಲ ನೋಡಲಿಲ್ಲ, ಆಕಾಶ ನೋಡಲಿಲ್ಲ, ನನ್ನ ಮುಖವನ್ನೇ ನೋಡಿದಳು.

“ಹೊಲ ಹುಡುಗನಿಗೆ. ಇವಳಿಗೆ ರಸ್ತೇಲಿ ಬದುಕಿದೆ.”

ಅಷ್ಟೇ. ಹಿಲಾಕಾತ ಕೋಲು ಕಿತ್ತು ತಮ್ಮನ ಮುಂದೆ ಊರಿದ. “ಹೆತ್ತವಳ ಮಾತಮ್ಮಾ, ನಾನೇನೂ ಮಾಡೋ ಹಂಗಿಲ್ಲ. ವರ್ಷಾ ವರ್ಷಾ ಕೂಗೋದು ಹೊಲ ಇರೋರ ಹೆಸರು ಮಾತ್ರ, ಮುಂದಿನ ವರ್ಷದಿಂದ ನಿನ್ ಹೆಸರು ಕೂಗಲ್ಲ. ಬೇಜಾರು ಮಾಡ್ಕೋಬೇಡ” ಎಂದ. ಅವನ ಬೆನ್ನ ಹಿಂದೆ ಒಬ್ಬ ಮುದುಕಿ ಪಕ್ಕದವಳನ್ನು ಕೇಳುತ್ತಿದ್ದಳು, ನಿನ್ನೆ ಲಾರಿಯಲ್ಲಿ ಬಾರದ ಅವ್ವ ಇಷ್ಟು ದೂರ ಹೇಗೆ ಬಂದಳು ಎಂದು.

“ಮಗಳೇ ಕೂರಿಸ್ಕೊಂಡು ಬಂದ್ಲಂತೆ.”

“ಅಯ್ಯೋ, ಎಂಥಾ ಒಳ್ಳೆ ಮಗಳು!”

ಊಟಕ್ಕೆ ಬಟ್ಟೆ ಹಾಸಿ ಎಲ್ಲರೂ ತಂದದ್ದನ್ನು ಸುರಿದರು. ನಾನು ಗಾಡಿಯ ಬಳಿಯೇ ನಿಂತಿದ್ದೆ. ಗುಮೆರ್ಸಿಂದೋ ಕಣ್ಣು ಒರೆಸಿಕೊಳ್ಳುತ್ತಾ ಬಂದ. “ಅಕ್ಕಾ, ನೀನೇ ಬಿತ್ತು, ಮೊದ್ಲಿನ ಹಂಗೇ. ಯಾರು ಬೇಡ ಅಂದ್ರು? ಬೆಳೇಲಿ ಅರ್ಧ ನಂಗೆ ಕಳಿಸಿದ್ರೆ ಸಾಕು” ಎಂದ. ಅದನ್ನೂ ಅವನು ಪ್ರೀತಿಯಿಂದಲೇ ಹೇಳಿದ. ನಾನು ಬೇರೆ ಕಡೆ ಮುಖ ತಿರುಗಿಸಿದೆ.

ಬಿಸಿಲು ಇಳಿದು ಗಾಳಿ ಎದ್ದಾಗ ಅವ್ವ ಶಾಲು ಬಿಗಿದುಕೊಂಡು ಬಂದಳು. “ಹೊರಡೋಣ. ಚಳಿ ಶುರುವಾಯ್ತು.”

“ಹೋಗು, ಮಗನ ಜೊತೆ ಒರುರೊಗೆ ಹೋಗು. ಹೊಲದವನ ಮನೇಲಿರು.”

“ಅವನ ಮನೇಲಿ ನಂಗೆಲ್ಲಿ ಜಾಗ? ಆ ಹೆಂಡ್ತಿ ನಂಗೆ ಒಂದು ಲೋಟ ಬಿಸಿನೀರು ಕಾಯಿಸಿ ಕೊಡ್ತಾಳಾ? ನಾನು ಇರೋದು ನಿನ್ನ ಹತ್ರ ಅಲ್ವೇನೇ?” ಎಂದಳು ಅವ್ವ. ಅದರಲ್ಲಿ ಕೇಳುವಂಥದ್ದು ಏನಿದೆ ಎಂಬಂತೆ ನನ್ನ ಹೆಗಲ ಮೇಲೆ ಕೈಯೂರಿ, ಲಂಗ ಎತ್ತಿ ಹಿಡಿದು, ಹಿಂದಿನ ಸೀಟಿಗೆ ಹತ್ತಿ ಕುಳಿತಳು.

ಈಗಲಾದರೂ ಈ ಗಾಡಿ ಕೆಟ್ಟು ನಿಲ್ಲಲಿ, ನಾಳೆಯ ತನಕ, ಯಾವತ್ತಿಗೂ, ಎಂದು ಬೇಡಿಕೊಳ್ಳುತ್ತಾ ಕಿಕ್ ಹೊಡೆದೆ. ಆದರೆ ರಿಪೇರಿ ಮಾಡಿದವಳು ನಾನು. ಅದು ಮೊದಲ ಕಿಕ್ಕಿಗೇ ಎದ್ದಿತು.